ಕೇಸು ಗೆದ್ದರೂ ಆಡಲು ಸಿಗಲಿಲ್ಲ: ಕೋಲ್ಗೇಟ್ ಹುಡುಗಿಯರ ಐಸ್ ಹಾಕಿ ತಂಡದ ಪ್ರಕರಣ

ಎರಡು ಅಂಕಿಗಳಿಂದ ಶುರು ಮಾಡುತ್ತೇನೆ. 2,38,561 ಡಾಲರ್ ಮತ್ತು 4,600 ಡಾಲರ್. ಮೊದಲನೆಯದು 1990-91ರಲ್ಲಿ ಅಮೆರಿಕದ ಕೋಲ್ಗೇಟ್ ವಿಶ್ವವಿದ್ಯಾಲಯ ತನ್ನ ಹುಡುಗರ ಐಸ್ ಹಾಕಿ ತಂಡಕ್ಕೆ ಎತ್ತಿಟ್ಟ ಹಣ. ಎರಡನೆಯದು ಅದೇ ವರ್ಷ ಅಲ್ಲಿನ ಹುಡುಗಿಯರ ತಂಡದ ಪಾಲಿಗೆ ಬಂದದ್ದು. ಹೆಚ್ಚುಕಮ್ಮಿ 52 ಪಟ್ಟು ವ್ಯತ್ಯಾಸ. ಆಟ ಅದೇ, ಊರು ಅದೇ, ಕಾಲೇಜೂ ಅದೇ. ಕೋರ್ಟಿನ ತೀರ್ಪಿನಲ್ಲಿ ಈ ಎರಡು ಅಂಕಿಗಳನ್ನು ನೋಡಿದ ಮೇಲೆ ನನಗೆ ಈ ಪ್ರಕರಣವನ್ನು ಅರ್ಧಕ್ಕೆ ಬಿಡಲು ಆಗಲಿಲ್ಲ. ಪೂರ್ತಿ ಬರೆದಿಡೋಣ ಅನ್ನಿಸಿತು.

ಹೆಸರು ಕೇಳಿ ಟೂತ್‌ಪೇಸ್ಟ್ ನೆನಪಾಯಿತು ಅಲ್ವಾ? ಆ ಸಂಬಂಧ ನಿಜವೇ. ನ್ಯೂಯಾರ್ಕ್ ರಾಜ್ಯದ ನಡುಭಾಗದಲ್ಲಿ ಹ್ಯಾಮಿಲ್ಟನ್ ಅಂತ ಒಂದು ಸಣ್ಣ ಊರಿದೆ. ಚಳಿಗಾಲ ಬಂತೆಂದರೆ ರಸ್ತೆ, ಮನೆ, ಮರ ಎಲ್ಲ ಹಿಮದಲ್ಲಿ ಮುಚ್ಚಿಹೋಗುವ ಕಡೆ. 1819ರಲ್ಲಿ 13 ಜನ ಸೇರಿ, 13 ಡಾಲರ್ ಹಾಕಿ, 13 ಪ್ರಾರ್ಥನೆ ಹೇಳಿ ಈ ವಿದ್ಯಾಸಂಸ್ಥೆ ಶುರು ಮಾಡಿದರು ಅಂತ ಅಲ್ಲಿನವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಸೋಪಿನ ವ್ಯಾಪಾರಿ ವಿಲಿಯಂ ಕೋಲ್ಗೇಟ್ ಅವರ ಮನೆತನ ದಶಕಗಟ್ಟಲೆ ಕೊಡುತ್ತಾ ಬಂದ ದಾನದ ನೆನಪಿಗೆ 1890ರಲ್ಲಿ ಅವರ ಹೆಸರನ್ನೇ ಇಟ್ಟರು. ನಮ್ಮ ಪ್ರಕರಣಕ್ಕೆ ಬೇಕಾದ ವರ್ಷ ಮಾತ್ರ 1970. ಅಲ್ಲಿಯವರೆಗೂ ಅದು ಗಂಡು ಹುಡುಗರ ಕಾಲೇಜು. 1970ರಲ್ಲಿ ಹುಡುಗಿಯರಿಗೆ ಬಾಗಿಲು ತೆರೆಯಿತು. ಬಂದ ಕೆಲವೇ ವರ್ಷದಲ್ಲಿ ಹುಡುಗಿಯರು ಸ್ಕೇಟ್ಸ್ ಕಟ್ಟಿಕೊಂಡು ಐಸ್ ಮೇಲೆ ಇಳಿದರು. ಆ ದಶಕದ ಮೊದಲರ್ಧದಲ್ಲೇ ಅಲ್ಲಿ ಹುಡುಗಿಯರ ಐಸ್ ಹಾಕಿ ಕ್ಲಬ್ ಹುಟ್ಟಿಕೊಂಡಿತು.

ಕ್ಲಬ್ ಅನ್ನುವ ಆ ಪದದ ಹತ್ತಿರ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಜಗಳವೆಲ್ಲ ಅದರದೇ. ಅಮೆರಿಕದ ಕಾಲೇಜುಗಳಲ್ಲಿ ತಂಡಗಳು ಎರಡು ತರ. ಒಂದು ವಾರ್ಸಿಟಿ ತಂಡ. ಅದು ಕಾಲೇಜಿನ ಅಧಿಕೃತ ತಂಡ. ಕೋಚ್‌ಗೆ ಸಂಬಳ, ಆಟಗಾರರಿಗೆ ಸಾಮಾನು, ಊರೂರಿಗೆ ಹೋಗಲು ಬಸ್ಸು, ತಂಗಲು ಹೋಟೆಲು, ಎಲ್ಲ ಕಾಲೇಜಿನದು. ಇನ್ನೊಂದು ಕ್ಲಬ್. ಆಸಕ್ತಿ ಇರುವವರು ತಾವೇ ಸೇರಿಕೊಂಡು, ತಾವೇ ಕೈಯಿಂದ ಹಾಕಿಕೊಂಡು, ತಾವೇ ಪಂದ್ಯ ಹೊಂದಿಸಿಕೊಂಡು ಆಡುವುದು. ನಮ್ಮ ಕಡೆ ಯೂನಿವರ್ಸಿಟಿ ಬ್ಲೂ ಆಗಿ ಟಿಎ-ಡಿಎ ತಗೊಂಡು ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋಗುವವರಿಗೂ, ಕ್ಲಾಸ್ ಮುಗಿದ ಮೇಲೆ ಮೈದಾನದಲ್ಲಿ ಸುಮ್ನೆ ಆಡುವವರಿಗೂ ಇರುವ ವ್ಯತ್ಯಾಸ ನೆನೆಸಿಕೊಳ್ಳಿ. ಆದರೆ ಕೋಲ್ಗೇಟ್ ಹುಡುಗಿಯರು ಸುಮ್ನೆ ಆಡುತ್ತಿರಲಿಲ್ಲ. ಬೇರೆ ಕಾಲೇಜುಗಳ ಮೇಲೆ ಪಂದ್ಯ ಆಡುತ್ತಿದ್ದರು, ಋತು ಪೂರ್ತಿ ಅಭ್ಯಾಸ ಮಾಡುತ್ತಿದ್ದರು, ಸೋಲು ಗೆಲುವಿನ ಲೆಕ್ಕ ಇಡುತ್ತಿದ್ದರು.

ಐಸ್ ಹಾಕಿ ಅಗ್ಗದ ಆಟವಲ್ಲ ಅನ್ನುವುದೂ ಇಲ್ಲಿ ಗಮನಿಸಬೇಕಾದ ಮಾತು. ಕಬಡ್ಡಿಯ ಹಾಗೆ ನಾಲ್ಕು ಗೆರೆ ಎಳೆದು ಆಡಲು ಬರುವುದಿಲ್ಲ. ಸ್ಕೇಟ್ಸ್ ಬೇಕು, ಅದರ ಅಲಗನ್ನು ಆಗಾಗ ಸಾಣೆ ಹಿಡಿಸಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಕಾಲು ಜಾರುತ್ತದೆ. ಹೆಲ್ಮೆಟ್, ಮುಖಕ್ಕೆ ಜಾಲರಿ, ಭುಜಕ್ಕೆ, ಮೊಣಕೈಗೆ, ಮೊಣಕಾಲಿಗೆ ಪ್ಯಾಡು, ದಪ್ಪ ಗ್ಲೌಸು. ಸ್ಟಿಕ್ಕು ಮುರಿಯುತ್ತಲೇ ಇರುತ್ತದೆ. ಪಕ್ ಅಂತ ಕರೆಯುವ ಆ ಕಪ್ಪು ರಬ್ಬರ್ ಬಿಲ್ಲೆ ಸುಮಾರು 170 ಗ್ರಾಂ ತೂಗುತ್ತದೆ, ಅದು ವೇಗವಾಗಿ ಬಂದು ಬಡಿದರೆ ಪ್ಯಾಡಿಲ್ಲದ ಮೈ ತಡೆಯುವುದಿಲ್ಲ. ಗೋಲ್‌ಕೀಪರ್ ಸಾಮಾನಿನ ಖರ್ಚಂತೂ ಇನ್ನೂ ಜಾಸ್ತಿ. ಹುಡುಗರಿಗೆ ಇದನ್ನೆಲ್ಲ ಕಾಲೇಜು ಕೊಡಿಸುತ್ತಿತ್ತು. ಹುಡುಗಿಯರು ತಮ್ಮ ಸಾಮಾನನ್ನು ತಾವೇ ಕೊಂಡುಕೊಳ್ಳುತ್ತಿದ್ದರು. ಹುಡುಗರು ಬಾಡಿಗೆ ಬಸ್ಸಿನಲ್ಲಿ ಹೋಗುತ್ತಿದ್ದರು. ಹುಡುಗಿಯರು ವ್ಯಾನೋ ಕಾರೋ ಹೊಂದಿಸಿಕೊಂಡು ಹೋಗುತ್ತಿದ್ದರು. ಹಿಮ ಬೀಳುವ ರಾತ್ರಿ ಪಂದ್ಯ ಆಡಿ ಸುಸ್ತಾದ ಮೇಲೆ ವಾಪಸ್ ಬರುವ ದಾರಿ ಹೇಗಿರುತ್ತದೆ ಅಂತ ಒಂದು ಕ್ಷಣ ಯೋಚಿಸಿ. 52 ಪಟ್ಟು ಅಂದರೆ ಇದು.

ಅವರು ಕೇಳಿದ್ದು ಇಷ್ಟೇ: ನಮ್ಮನ್ನು ವಾರ್ಸಿಟಿ ಮಾಡಿ. 1979ರಲ್ಲಿ ಅರ್ಜಿ ಹಾಕಿದರು. ಆಗಲ್ಲ ಅಂದರು. 1983ರಲ್ಲಿ ಮತ್ತೆ. 1986ರಲ್ಲಿ ಮತ್ತೆ. 1988ರಲ್ಲಿ ಮತ್ತೆ. ನಾಲ್ಕೂ ಸಲ ಒಂದೇ ಉತ್ತರ.

ಈ ವರ್ಷಗಳ ನಡುವಿನ ಅಂತರ ನೋಡಿ. ನಾಲ್ಕು ವರ್ಷ, ಮೂರು ವರ್ಷ, ಎರಡು ವರ್ಷ. ಅಲ್ಲಿ ಪದವಿ ಓದು ನಾಲ್ಕು ವರ್ಷದ್ದು. ಅಂದರೆ 1979ರಲ್ಲಿ ಅರ್ಜಿ ಬರೆದವರು 1983ರ ಹೊತ್ತಿಗೆ ಹೊರಗೆ ಹೋಗಿಯಾಗಿತ್ತು. ಪ್ರತಿ ಸಲವೂ ಹೊಸ ಹುಡುಗಿಯರು ಮೊದಲಿನಿಂದ ಕಾಗದಪತ್ರ ಕೂಡಿಸಬೇಕು, ಮೊದಲಿನಿಂದ ಹೇಳಬೇಕು. ಆಡಳಿತ ಎಲ್ಲಿಗೂ ಹೋಗುವುದಿಲ್ಲ, ವಿದ್ಯಾರ್ಥಿಗಳು ಹೋಗುತ್ತಾರೆ. ಈ ಪ್ರಕರಣದ ಕೀಲಿ ಇರುವುದೇ ಇಲ್ಲಿ ಅಂತ ನನಗನ್ನಿಸುತ್ತದೆ. ಕಾಲೇಜು ಜೋರಾಗಿ ಜಗಳವಾಡಬೇಕಿರಲಿಲ್ಲ. ಕಾದರೆ ಸಾಕಿತ್ತು. ಮುಂದೆ ಕೋರ್ಟಿನಲ್ಲಿ ಆದದ್ದೂ ಇದೇ.

ಬೇಡ ಅನ್ನುವುದಕ್ಕೆ ಕಾಲೇಜು ಕೊಟ್ಟ ಕಾರಣಗಳು ಆರು. ಶಾಲೆಗಳ ಮಟ್ಟದಲ್ಲಿ ಹುಡುಗಿಯರು ಈ ಆಟ ಆಡುವುದು ಅಪರೂಪ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಇದಕ್ಕೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಟ್ಟಿಲ್ಲ. ಪೂರ್ವ ಭಾಗದಲ್ಲಿ ಸುಮಾರು 15 ಕಾಲೇಜುಗಳಲ್ಲಿ ಮಾತ್ರ ಇದೆ. ವಿದ್ಯಾರ್ಥಿಗಳಿಗೆ ಆಸಕ್ತಿ ಕಡಿಮೆ. ಆಡುವವರಿಗೆ ಅಷ್ಟು ಸಾಮರ್ಥ್ಯ ಇಲ್ಲ. ಕೊನೆಯದು, ಖರ್ಚು ಜಾಸ್ತಿ.

ಓದಿದ ಕೂಡಲೇ ನಮ್ಮ ಹಳೇ ಗಾದೆ ನೆನಪಾಯಿತು. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ. ಕಾಲೇಜುಗಳು ತಂಡ ಕಟ್ಟದಿದ್ದರೆ ಚಾಂಪಿಯನ್‌ಷಿಪ್ ಎಲ್ಲಿಂದ ಬರಬೇಕು? ಮುಂದೆ ಆಡಲು ಜಾಗವೇ ಇಲ್ಲ ಅಂತ ಗೊತ್ತಿದ್ದರೆ ಶಾಲೆಯ ಹುಡುಗಿಗೆ ಅಪ್ಪ ಅಮ್ಮ ದುಬಾರಿ ಸ್ಕೇಟ್ಸ್ ಯಾಕೆ ಕೊಡಿಸುತ್ತಾರೆ? ಸರಿಯಾದ ಕೋಚ್ ಇಲ್ಲದೆ ಸಾಮರ್ಥ್ಯ ಬೆಳೆಯುವುದು ಹೇಗೆ? ಆಸಕ್ತಿ ಇಲ್ಲ ಅನ್ನುವ ಮಾತಂತೂ ನನಗೆ ಒಪ್ಪಲು ಆಗುವುದೇ ಇಲ್ಲ. ಸ್ವಂತ ದುಡ್ಡಲ್ಲಿ ಆಡಿಕೊಂಡು, ಹತ್ತು ವರ್ಷದಲ್ಲಿ ನಾಲ್ಕು ಸಲ ಅರ್ಜಿ ಹಾಕಿದವರಿಗೆ ಆಸಕ್ತಿ ಇಲ್ಲ ಅಂದರೆ ಇನ್ಯಾರಿಗಿದೆ?

ಪೂರ್ವ ಭಾಗದಲ್ಲಿ ಆ ಆಟ ಹೊಸದೂ ಆಗಿರಲಿಲ್ಲ. ಬ್ರೌನ್ ವಿಶ್ವವಿದ್ಯಾಲಯದ ಪೆಂಬ್ರೋಕ್ ಮಹಿಳಾ ಕಾಲೇಜಿನಲ್ಲಿ 1964ರಲ್ಲೇ ಹುಡುಗಿಯರು ಐಸ್ ಹಾಕಿ ತಂಡ ಕಟ್ಟಿದ್ದರು. ಅಮೆರಿಕದ ಕಾಲೇಜುಗಳಲ್ಲಿ ಅದೇ ಮೊದಲನೆಯದು. ಕೋಲ್ಗೇಟ್ ಇರುವ ರಾಜ್ಯದಲ್ಲೇ ಇರುವ ಕಾರ್ನೆಲ್ ವಿಶ್ವವಿದ್ಯಾಲಯ 1970ರ ದಶಕದ ಶುರುವಿಗೇ ಹುಡುಗಿಯರ ತಂಡ ಕಟ್ಟಿತ್ತು. 1976ರಿಂದ ಪೂರ್ವದ ಎಂಟು ಹಳೇ ವಿಶ್ವವಿದ್ಯಾಲಯಗಳ ಕೂಟವಾದ ಐವಿ ಲೀಗ್‌ನಲ್ಲಿ ಹುಡುಗಿಯರ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. 1984ರಿಂದ ಪೂರ್ವದ ಕಾಲೇಜುಗಳ ಇಸಿಎಸಿ ಪಂದ್ಯಾವಳಿಯೂ ಇತ್ತು. ಹದಿನೈದೇ ಕಾಲೇಜು ಅನ್ನುವುದನ್ನು ಹದಿನೈದು ಕಾಲೇಜು ಆಗಲೇ ಇವೆ ಅಂತಲೂ ಓದಬಹುದಿತ್ತು. ಒಂದು ಋತುವಿನ ಪಂದ್ಯಗಳಿಗೆ ಅಷ್ಟು ಎದುರಾಳಿಗಳು ಸಾಕಲ್ಲವೇ?

ಈಗ ಕಾನೂನಿಗೆ ಬರುತ್ತೇನೆ. 1972ರ ಜೂನ್‌ನಲ್ಲಿ ಅಮೆರಿಕದಲ್ಲಿ ಟೈಟಲ್ ನೈನ್ ಅನ್ನುವ ಕಾನೂನು ಬಂತು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಕಾರ್ಯಕ್ರಮದಲ್ಲೂ ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅನ್ನುವುದು ಅದರ ಸಾರ. ಹಾಗಿದ್ದರೆ 1979ರಲ್ಲೇ ಯಾಕೆ ಕೋರ್ಟಿಗೆ ಹೋಗಲಿಲ್ಲ ಅಂತ ಕೇಳಬಹುದು. ಆ ಮೊದಲ ಅರ್ಜಿಯ ವರ್ಷ ಕ್ರೀಡೆಗೆ ಈ ಕಾನೂನು ಹೇಗೆ ಅನ್ವಯ ಅಂತ ಸರ್ಕಾರವೇ ಇನ್ನೂ ವಿವರಿಸುತ್ತಿತ್ತು, ಆ ವಿವರಣೆ ಹೊರಬಂದದ್ದು 1979ರ ಡಿಸೆಂಬರ್‌ನಲ್ಲಿ. ಆಮೇಲೆ 1984ರಲ್ಲಿ ಗ್ರೋವ್ ಸಿಟಿ ಕಾಲೇಜಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು: ಸರ್ಕಾರದ ಹಣ ಯಾವ ವಿಭಾಗಕ್ಕೆ ಹೋಗುತ್ತದೋ ಆ ವಿಭಾಗಕ್ಕೆ ಮಾತ್ರ ಈ ಕಾನೂನು, ಇಡೀ ಕಾಲೇಜಿಗಲ್ಲ. ಕ್ರೀಡಾ ವಿಭಾಗಕ್ಕೆ ನೇರವಾಗಿ ಸರ್ಕಾರದ ಹಣ ಬರುವುದು ಅಪರೂಪ. ಹಾಗಾಗಿ ನಾಲ್ಕು ವರ್ಷ ಆಟಗಾರ್ತಿಯರ ಕೈಯಲ್ಲಿ ಕಾನೂನಿನ ಬಲವೇ ಇರಲಿಲ್ಲ. 1986ರ ಅರ್ಜಿ ಬಿದ್ದುಹೋದದ್ದು ಇದರ ನಡುವೆ. 1988ರ ಮಾರ್ಚ್‌ನಲ್ಲಿ ಅಧ್ಯಕ್ಷ ರೇಗನ್ ಅವರ ವೀಟೊವನ್ನೂ ಮೀರಿ ಸಂಸತ್ತು ಹೊಸ ಕಾಯ್ದೆ ಮಾಡಿತು. ಕಾಲೇಜಿನ ಯಾವುದೇ ಭಾಗಕ್ಕೆ ಸರ್ಕಾರದ ಹಣ ಬಂದರೂ ಕಾನೂನು ಇಡೀ ಕಾಲೇಜಿಗೆ ಅನ್ವಯ ಅಂತಾಯಿತು. ಅದೇ ವರ್ಷ ನಾಲ್ಕನೇ ಅರ್ಜಿಯೂ ತಿರಸ್ಕಾರವಾಯಿತು. ಈ ಸಲ ಹುಡುಗಿಯರು ಸುಮ್ಮನಾಗಲಿಲ್ಲ.

1990ರಲ್ಲಿ ಕ್ಲಬ್‌ನಲ್ಲಿ ಆಡಿದ್ದ ಐವರು ವಿದ್ಯಾರ್ಥಿನಿಯರು ಮೊಕದ್ದಮೆ ಹೂಡಿದರು. ಕಾನೂನು ಓದುವವರು ಇದನ್ನು ಕುಕ್ ವರ್ಸಸ್ ಕೋಲ್ಗೇಟ್ ಅಂತ ಗುರುತಿಸುತ್ತಾರೆ.

ಆ 1990ನೇ ಇಸವಿಯೇ ವಿಶೇಷ. ಮಾರ್ಚ್‌ನಲ್ಲಿ ಕೆನಡಾದ ಒಟ್ಟಾವದಲ್ಲಿ ಮಹಿಳೆಯರ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಏಪ್ರಿಲ್ 1ರಂದು ಡೆಟ್ರಾಯಿಟ್‌ನಲ್ಲಿ ಕೋಲ್ಗೇಟ್ ಹುಡುಗರ ತಂಡ ಎನ್‌ಸಿಎಎ ಫೈನಲ್ ಆಡಿತು. ವಿಸ್ಕಾನ್ಸಿನ್ ಎದುರು 7-3ರಲ್ಲಿ ಸೋತರೂ, ಅಷ್ಟು ಸಣ್ಣ ಊರಿನ, ಅಷ್ಟು ಕಡಿಮೆ ವಿದ್ಯಾರ್ಥಿಗಳ ಕಾಲೇಜೊಂದು ದೇಶಕ್ಕೇ ಎರಡನೆಯದಾಗುವುದು ಸಣ್ಣ ಮಾತಲ್ಲ. ಆ ಹುಡುಗರ ಸಾಧನೆಯನ್ನು ಕಡಿಮೆ ಮಾಡಿ ಹೇಳುವುದು ನನಗಿಷ್ಟವಿಲ್ಲ. ಅವರು ಕಷ್ಟಪಟ್ಟೇ ಅಲ್ಲಿಗೆ ಹೋದರು. ಆದರೆ ಹಣ, ಕೋಚ್, ರಿಂಕಿನಲ್ಲಿ, ಅಂದರೆ ಆಡುವ ಐಸ್ ಅಂಗಳದಲ್ಲಿ, ಒಳ್ಳೆಯ ಸಮಯ ಇವೆಲ್ಲ ಕೊಟ್ಟರೆ ಹ್ಯಾಮಿಲ್ಟನ್‌ನಂಥ ಊರಿನಲ್ಲೂ ಎಂಥ ತಂಡ ಕಟ್ಟಬಹುದು ಅನ್ನುವುದನ್ನು ಕಾಲೇಜು ತಾನೇ ತೋರಿಸಿಕೊಟ್ಟಿತ್ತು.

ವಿಚಾರಣೆಯಲ್ಲಿ ಕಾಲೇಜಿನ ವಾದ ಹೀಗಿತ್ತು: ಒಂದು ಆಟವನ್ನು ಮಾತ್ರ ಹಿಡಿದು ನೋಡಬೇಡಿ, ನಮ್ಮಲ್ಲಿ ಹುಡುಗಿಯರಿಗೆ ಬೇರೆ ವಾರ್ಸಿಟಿ ತಂಡಗಳಿವೆ, ಒಟ್ಟು ಲೆಕ್ಕ ನೋಡಿ. ಮ್ಯಾಜಿಸ್ಟ್ರೇಟ್ ನ್ಯಾಯಾಧೀಶ ಡೇವಿಡ್ ಹರ್ಡ್ ಇದನ್ನು ಒಪ್ಪಲಿಲ್ಲ. ಹುಡುಗರ ಐಸ್ ಹಾಕಿ ಒಂದು ಕಡೆ, ಹುಡುಗಿಯರ ಐಸ್ ಹಾಕಿ ಒಂದು ಕಡೆ ಇಟ್ಟು ಒಂದೊಂದನ್ನೇ ತೂಗಿದರು. ಹಣ, ಸಾಮಾನು, ಪ್ರಯಾಣ, ಕೋಚಿಂಗ್, ಲಾಕರ್ ರೂಮು, ಅಭ್ಯಾಸದ ಸಮಯ. ಎಲ್ಲದರಲ್ಲೂ ತಕ್ಕಡಿ ಒಂದೇ ಕಡೆಗೆ ವಾಲಿತು. ಕಾಲೇಜು ಕೊಟ್ಟ ಆರು ಕಾರಣಗಳಲ್ಲಿ ನಿಜವಾಗಿ ಕೆಲಸ ಮಾಡಿದ್ದು ಖರ್ಚೊಂದೇ, ಮತ್ತು ಬರೀ ಖರ್ಚಿನ ನೆಪ ಹೇಳಿ ಕಾನೂನಿನಿಂದ ತಪ್ಪಿಸಿಕೊಳ್ಳಲು ಬಿಟ್ಟರೆ ಆ ಕಾನೂನಿಗೆ ಅರ್ಥವೇ ಉಳಿಯುವುದಿಲ್ಲ ಅನ್ನುವ ತೀರ್ಮಾನಕ್ಕೆ ಬಂದರು. ಹೆಣ್ಣುಮಕ್ಕಳಿಗೆ ಸಮಾನ ಅವಕಾಶ ಕೊಡುವುದು ಐಷಾರಾಮವಲ್ಲ, ಕಾನೂನು ಪಾಲಿಸುವುದು ಐಷಾರಾಮವಲ್ಲ, ಸಮಾನತೆ ಮತ್ತು ನ್ಯಾಯ ಐಷಾರಾಮಗಳಲ್ಲ ಅನ್ನುವ ಅರ್ಥದ ಸಾಲುಗಳು ಆ ತೀರ್ಪಿನಲ್ಲಿವೆ. 1992ರಲ್ಲಿ ಬಂದ ಆ ಆದೇಶ ಸ್ಪಷ್ಟವಾಗಿತ್ತು: 1993-94ರ ಶೈಕ್ಷಣಿಕ ವರ್ಷದಿಂದ ಹುಡುಗಿಯರ ತಂಡಕ್ಕೆ ವಾರ್ಸಿಟಿ ಸ್ಥಾನ ಕೊಡಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಟಕ್ಕೆ ಆಟ ಇಟ್ಟು ಹೋಲಿಸುವ ಈ ದಾರಿ ಆಮೇಲೆ ಅಷ್ಟಾಗಿ ನಡೆಯಲಿಲ್ಲ. ಬ್ರೌನ್ ವಿಶ್ವವಿದ್ಯಾಲಯದ ಮೇಲೆ ವಿದ್ಯಾರ್ಥಿನಿಯರು ಹೂಡಿದ ದೊಡ್ಡ ಮೊಕದ್ದಮೆಯೂ ಸೇರಿ, ಇಡೀ ಕ್ರೀಡಾ ವಿಭಾಗವನ್ನು ಒಟ್ಟಾಗಿ ನೋಡುವ ಕ್ರಮವೇ ಹೆಚ್ಚು ಬಳಕೆಗೆ ಬಂತು. ಕಾನೂನಿನ ದೃಷ್ಟಿಯಿಂದ ಅದಕ್ಕೆ ಕಾರಣಗಳಿವೆ, ಒಪ್ಪುತ್ತೇನೆ. ಆದರೂ ಒಂದೇ ರಿಂಕಿನ ಎರಡು ತಂಡಗಳನ್ನು ಎದುರುಬದುರು ನಿಲ್ಲಿಸಿ ನೋಡಿದ್ದಕ್ಕೇ ಆ 52 ಪಟ್ಟು ಕಣ್ಣಿಗೆ ಬಿತ್ತು. ಒಟ್ಟು ಲೆಕ್ಕದಲ್ಲಿ ಅದು ಕರಗಿಹೋಗುತ್ತಿತ್ತು.

ಕಾಲೇಜು ಮೇಲ್ಮನವಿ ಹಾಕಿತು.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರಲ್ಲ ನಮ್ಮಲ್ಲಿ. 1993ರಲ್ಲಿ ಮೇಲ್ಮನವಿ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಭೇದ ನಡೆದಿಲ್ಲ ಅಂತ ಹೇಳಲಿಲ್ಲ. ಹುಡುಗಿಯರ ವಾದ ತಪ್ಪು ಅಂತಲೂ ಹೇಳಲಿಲ್ಲ. ಹೇಳಿದ್ದು ಬೇರೆಯೇ: ಮೊಕದ್ದಮೆ ಹೂಡಿದವರು ತಮ್ಮ ತಮ್ಮ ಹೆಸರಿನಲ್ಲಿ ಹೂಡಿದ್ದಾರೆ. ಆದೇಶ ಜಾರಿಯಾಗುವುದು 1993-94ರಿಂದ. ಅಷ್ಟರಲ್ಲಿ ಅವರೆಲ್ಲರ ಓದು ಮುಗಿದಿರುತ್ತದೆ. ಒಬ್ಬರೂ ಆ ತಂಡದಲ್ಲಿ ಆಡಲು ಇರುವುದಿಲ್ಲ. ಹಾಗಾಗಿ ಈ ಆದೇಶದಿಂದ ಅವರಿಗೆ ಸಿಗುವುದೇನೂ ಇಲ್ಲ, ತೀರ್ಮಾನಿಸಲು ವಿವಾದವೇ ಉಳಿದಿಲ್ಲ.

ಇದನ್ನು ಮೊದಲ ಸಲ ಓದಿದಾಗ ನನಗೆ ಸಂಕಟವಾಯಿತು. ಕಾನೂನಿನ ನಿಯಮ ಇದೆ, ನಿಜ. ಬದುಕಿರುವ ವಿವಾದವನ್ನು ಮಾತ್ರ ಕೋರ್ಟು ತೀರ್ಮಾನಿಸಬೇಕು ಅನ್ನುವುದು ಸರಿಯಾದ ನಿಯಮವೇ. ಆದರೆ ಅದರ ಪರಿಣಾಮ ನೋಡಿ. 1979ರಿಂದ ಕಾಲೇಜಿಗೆ ಅನುಕೂಲವಾಗಿ ಬಂದಿದ್ದು ಯಾವುದು? ಕಾಲ. ಹುಡುಗಿಯರು ಬರುತ್ತಾರೆ, ನಾಲ್ಕು ವರ್ಷ ಇರುತ್ತಾರೆ, ಹೋಗುತ್ತಾರೆ. ಕೋರ್ಟಿನಲ್ಲೂ ಅದೇ ಕಾಲವೇ ಕಾಲೇಜಿನ ಕೈ ಹಿಡಿಯಿತು. ಮೂರು ವರ್ಷ ನಡೆದ ಮೊಕದ್ದಮೆ, ಪೂರ್ತಿ ವಿಚಾರಣೆ, ಅಷ್ಟು ದೊಡ್ಡ ತೀರ್ಪು, ಎಲ್ಲವೂ ಪದವಿ ಪ್ರದಾನದ ದಿನಾಂಕದ ಮುಂದೆ ನಿಲ್ಲಲಿಲ್ಲ.

ಎರಡನೇ ಮೊಕದ್ದಮೆ ಈ ಪಾಠವನ್ನು ಸರಿಯಾಗಿ ಕಲಿತುಕೊಂಡಿತ್ತು. ಮೊದಲನೆಯದು ಬಿದ್ದ ಮೇಲೆ ಬೇರೆ ವಿದ್ಯಾರ್ಥಿನಿಯರು ಮುಂದೆ ಬಂದರು. ಈ ಸಲ ಹೂಡಿದ್ದು ಗುಂಪಿನ ಪರವಾದ ಮೊಕದ್ದಮೆ. ಈಗ ಓದುತ್ತಿರುವವರು ಮಾತ್ರವಲ್ಲ, ಮುಂದೆ ಬಂದು ಸೇರುವ ವಿದ್ಯಾರ್ಥಿನಿಯರೂ ಅದರೊಳಗೆ. ಒಬ್ಬಳ ಓದು ಮುಗಿದರೆ ಇನ್ನೊಬ್ಬಳು ಇದ್ದಾಳೆ. ಇನ್ನೂ ಹೈಸ್ಕೂಲಿನಲ್ಲಿರುವ, ಕೋಲ್ಗೇಟ್ ಹೆಸರನ್ನೂ ಕೇಳಿರದ ಹುಡುಗಿಯೂ ಆ ಮೊಕದ್ದಮೆಯಲ್ಲಿ ಲೆಕ್ಕಕ್ಕೆ ಬರುತ್ತಾಳೆ. ಕಾಯುತ್ತಾ ಕೂತರೆ ಇನ್ನು ಕಾಲೇಜಿಗೆ ಏನೂ ಲಾಭವಿರಲಿಲ್ಲ. ವರ್ಷಗಳು ಹಿಡಿದವು, ಆದರೆ ಈ ಸಲ ವರ್ಷಗಳು ಯಾರನ್ನೂ ಸೋಲಿಸಲಿಲ್ಲ. 1997ರಲ್ಲಿ ಎರಡೂ ಕಡೆಯವರು ಒಪ್ಪಂದಕ್ಕೆ ಬಂದರು. ಹುಡುಗಿಯರ ಐಸ್ ಹಾಕಿಗೆ ವಾರ್ಸಿಟಿ ಸ್ಥಾನ ಸಿಕ್ಕಿತು. ಮೊದಲ ಅರ್ಜಿಯಿಂದ ಎಣಿಸಿದರೆ 18 ವರ್ಷ.

ಮರುವರ್ಷ, 1998ರ ಫೆಬ್ರುವರಿಯಲ್ಲಿ, ಜಪಾನಿನ ನಗಾನೊದಲ್ಲಿ ಮಹಿಳೆಯರ ಐಸ್ ಹಾಕಿ ಮೊದಲ ಬಾರಿ ಒಲಿಂಪಿಕ್ಸ್‌ಗೆ ಬಂತು. ಫೈನಲ್‌ನಲ್ಲಿ ಕೆನಡಾವನ್ನು 3-1ರಿಂದ ಸೋಲಿಸಿ ಅಮೆರಿಕ ಚಿನ್ನ ಗೆದ್ದಿತು. 2001ರಲ್ಲಿ ಎನ್‌ಸಿಎಎ ಮಹಿಳಾ ಚಾಂಪಿಯನ್‌ಷಿಪ್ ಶುರುವಾಯಿತು. ಆರು ಕಾರಣಗಳಲ್ಲಿ ಎರಡನೆಯದು ಅಲ್ಲಿಗೆ ಮುಗಿಯಿತು. ಕೋಲ್ಗೇಟ್ ಹುಡುಗಿಯರು ಇಸಿಎಸಿಯ ಮೊದಲ ದರ್ಜೆಗೆ ಏರಿದರು. ಅಲ್ಲಿಂದ ಹಲವು ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ, ಸೋಲುಗಳೇ ಜಾಸ್ತಿ. ಇದರಲ್ಲಿ ಆಶ್ಚರ್ಯವಿಲ್ಲ. ಕಾರ್ನೆಲ್, ಹಾರ್ವರ್ಡ್‌ನಂಥ ತಂಡಗಳಿಗೆ ದಶಕಗಳ ಬೇರಿತ್ತು, ಇವರು ಆಗತಾನೇ ನೆಟ್ಟ ಸಸಿ. 2012ರಲ್ಲಿ ಗ್ರೆಗ್ ಫಾರ್ಗೊ ಕೋಚ್ ಆಗಿ ಬಂದರು. 2016ರಲ್ಲಿ ಕಾಲೇಜು 1959ರ ಹಳೇ ಸ್ಟಾರ್ ರಿಂಕಿನ ಬದಲಿಗೆ ಹೊಸ ರಿಂಕ್ ಕಟ್ಟಿತು. ಹುಡುಗರ ತಂಡ, ಹುಡುಗಿಯರ ತಂಡ ಎರಡಕ್ಕೂ ಅದೇ ಮನೆ.

2018ರ ಮಾರ್ಚ್‌ನಲ್ಲಿ ಈ ತಂಡ ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ವಿಸ್ಕಾನ್ಸಿನ್ ಎದುರು ನಿಂತಿತು. 1990ರಲ್ಲಿ ಹುಡುಗರನ್ನು ಸೋಲಿಸಿದ್ದೂ ಅದೇ ವಿಸ್ಕಾನ್ಸಿನ್. ಪಂದ್ಯ ಎರಡನೇ ಹೆಚ್ಚುವರಿ ಅವಧಿಗೆ ಹೋಯಿತು, 4-3ರಿಂದ ಕೋಲ್ಗೇಟ್ ಗೆದ್ದಿತು. ಎರಡು ದಿನ ಬಿಟ್ಟು ಮಿನಿಯಾಪೊಲಿಸ್‌ನ ರಿಡರ್ ಅರೆನಾದಲ್ಲಿ ಕ್ಲಾರ್ಕ್‌ಸನ್ ಮೇಲೆ ಫೈನಲ್. ಅದೂ ಹೆಚ್ಚುವರಿ ಅವಧಿಗೆ ಹೋಗಿ, 2-1ರಿಂದ ಕೋಲ್ಗೇಟ್ ಸೋತಿತು. ಒಂದೇ ಗೋಲಿನ ಅಂತರ. 2021, 2022, 2023, ಮೂರು ವರ್ಷ ಸಾಲಾಗಿ ಇಸಿಎಸಿ ಪಂದ್ಯಾವಳಿ ಗೆದ್ದರು. 2025ರಲ್ಲಿ ಮಹಿಳೆಯರ ವೃತ್ತಿಪರ ಲೀಗ್‌ಗೆ ಆಟಗಾರ್ತಿಯರನ್ನು ಆರಿಸುವಾಗ ಎಲ್ಲರಿಗಿಂತ ಮೊದಲು ಕೂಗಿದ ಹೆಸರು ಕೋಲ್ಗೇಟ್‌ನ ಕ್ರಿಸ್ಟಿನಾ ಕಾಲ್ಟೌನ್ಕೊವಾ ಅವರದು. ಚೆಕ್ ದೇಶದಿಂದ ಹ್ಯಾಮಿಲ್ಟನ್‌ವರೆಗೆ ಹಾಕಿ ಆಡಲೆಂದೇ ಬಂದವರು.

ಆದರೆ ನನಗೆ ತುಂಬಾ ಹಿಡಿಸಿದ ಕ್ಷಣ ಅದಕ್ಕೂ ಒಂದು ವರ್ಷ ಹಿಂದಿನದು. ಹ್ಯಾಮಿಲ್ಟನ್‌ನಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ಹೋದರೆ ಯುಟಿಕಾ ಅಂತ ಊರು. 2024ರ ಏಪ್ರಿಲ್ 14ರಂದು ಅಲ್ಲಿ ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ ಫೈನಲ್. ಅಮೆರಿಕ, ಕೆನಡಾ 5-5ರಲ್ಲಿ ಸಮ. ಹೆಚ್ಚುವರಿ ಅವಧಿ. ಕೆನಡಾಗೆ ಗೆಲುವಿನ ಗೋಲು ಹೊಡೆದದ್ದು ಡೇನಿಯಲ್ ಸೆರ್ಡಾಕ್ನಿ. ಆಗಷ್ಟೇ ಕೋಲ್ಗೇಟ್‌ನಲ್ಲಿ ತಮ್ಮ ಐದನೇ ಮತ್ತು ಕೊನೆಯ ಋತು ಆಡಿ ಮುಗಿಸಿದ್ದವರು. ಆಸಕ್ತಿ ಇಲ್ಲ, ಸಾಮರ್ಥ್ಯ ಇಲ್ಲ ಅಂತ ನಾಲ್ಕು ಸಲ ಅರ್ಜಿ ವಾಪಸ್ ಕಳಿಸಿದ ಕಾಲೇಜಿನ ಹುಡುಗಿ.

1990ರಲ್ಲಿ ಮೊಕದ್ದಮೆ ಹೂಡಿದ ಆ ಐವರಿಗೆ ಈಗ ಐವತ್ತು ದಾಟಿರುತ್ತದೆ. ಅವರಲ್ಲಿ ಯಾರೂ ಕೋಲ್ಗೇಟ್ ಪರವಾಗಿ ಒಂದೇ ಒಂದು ವಾರ್ಸಿಟಿ ಪಂದ್ಯ ಆಡಲಿಲ್ಲ.